ಆ ಹೃದಯ ಯಾರಿಗೆ ಸೇರಿದ್ದು?

1878ರ ಆಗಸ್ಟ್ 26ರಂದು ಬೆತ್ಲೆಹೇಮಿನ ಕಾರ್ಮೆಲ್ ಮಠದಲ್ಲಿ 32 ವರ್ಷದ ಒಬ್ಬ ಸನ್ಯಾಸಿನಿ ತೀರಿಕೊಂಡಳು. ಕೆಲವೇ ದಿನ ಮೊದಲು, ಮಠ ಕಟ್ಟುತ್ತಿದ್ದ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ಕೈ ಮುರಿದುಕೊಂಡಿದ್ದಳು. ಗಾಯ ಕೊಳೆತು ನಂಜು ಮೈಗೆಲ್ಲ ಏರಿತು. ಆಕೆಯ ಹೆಸರು ಮರಿಯಮ್ ಬವಾರ್ದಿ. ಪ್ರಾಣ ಹೋದ ಮೇಲೆ ಶಸ್ತ್ರವೈದ್ಯರೊಬ್ಬರು ಆಕೆಯ ಎದೆ ತೆರೆದು ಹೃದಯವನ್ನು ಹೊರತೆಗೆದರು. ಆಕೆ ಮೊದಲು ಕಾರ್ಮೆಲ್ ಬದುಕಿಗೆ ಕಾಲಿಟ್ಟಿದ್ದ ಫ್ರಾನ್ಸಿನ ಪೋ ಪಟ್ಟಣದ ಮಠಕ್ಕೆ ಅದನ್ನು ಕಳಿಸಬೇಕಿತ್ತು. ಆ ಹೃದಯದ ಮೇಲೆ ಹಳೆಯ ಗಾಯದ ಗುರುತೊಂದು ಇತ್ತು, ಅಲ್ಲಿದ್ದವರು ಅದನ್ನು ಕಣ್ಣಾರೆ ಕಂಡರು ಎಂದು ಆಕೆಯ ಜೀವನಚರಿತ್ರೆಗಳು ಹೇಳುತ್ತವೆ. ಉಳಿದ ದೇಹ ಬೆತ್ಲೆಹೇಮಿನ ಮಣ್ಣು ಸೇರಿತು.

ಇದನ್ನು ಓದಿದಾಗ ಕೆಲವರು ತಾವಾಗಿಯೇ ಕೈ ಜೋಡಿಸುತ್ತಾರೆ, ಕೆಲವರಿಗೆ ಹೊಟ್ಟೆಯೊಳಗೆ ಕಸಿವಿಸಿಯಾಗುತ್ತದೆ. ಸಂತರ ಮೂಳೆ, ಕೂದಲು, ರಕ್ತದ ಕಲೆ, ಬಟ್ಟೆಯ ಚೂರು ಇವನ್ನೆಲ್ಲ ರೆಲಿಕ್ ಎಂದು ಜೋಪಾನವಾಗಿಟ್ಟು ನಮಿಸುವ ಕೆಥೋಲಿಕರ ಪದ್ಧತಿಯ ಬಗ್ಗೆ ಈ ಎರಡೂ ಭಾವನೆ ಶತಮಾನಗಳಿಂದ ಇವೆ. ಎರಡಕ್ಕೂ ಗಟ್ಟಿಯಾದ ಕಾರಣಗಳಿವೆ. ಅವನ್ನು ತೂಗಿ ನೋಡಲು ಮರಿಯಮ್‌ಗಿಂತ ಸರಿಯಾದ ವ್ಯಕ್ತಿ ನನಗೆ ಕಾಣುತ್ತಿಲ್ಲ. ಆಕೆಯನ್ನು ಹತ್ತಿರದಿಂದ ಕಂಡವರೇ ಆಕೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ, ಮತ್ತು ಹಾಗೆ ಒಡೆದು ನಿಂತವರಲ್ಲಿ ಕೆಲವರು ಮಂಗಳೂರಿನಲ್ಲಿದ್ದವರು.

ಮರಿಯಮ್ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಅರಬ್ ಕ್ರೈಸ್ತರ ಮನೆ. ಆಕೆಗಿಂತ ಮೊದಲು ಹುಟ್ಟಿದ 12 ಗಂಡುಮಕ್ಕಳೂ ಎಳವೆಯಲ್ಲೇ ಹೋಗಿದ್ದವು. ತಂದೆತಾಯಿ ಬೆತ್ಲೆಹೇಮಿಗೆ ಹರಕೆ ಹೊತ್ತು ನಡೆದುಹೋಗಿ ಬೇಡಿದ ಮೇಲೆ ಹುಟ್ಟಿದ ಕೂಸು ಇದು. ಮೂರು ವರ್ಷ ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಚಿಕ್ಕಪ್ಪನ ಮನೆಯಲ್ಲಿ ಬೆಳೆದು, ಅವರೊಂದಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋದಳು. ಮದುವೆ ಬೇಡವೆಂದು ಹಟ ಹಿಡಿದು ತಲೆಗೂದಲು ಕತ್ತರಿಸಿಕೊಂಡಳು. ಆ ದಿನಗಳಲ್ಲೇ ಒಬ್ಬ ಸಿಟ್ಟಿನಲ್ಲಿ ಆಕೆಯ ಕತ್ತು ಕೊಯ್ದು ಬೀದಿಯಲ್ಲಿ ಎಸೆದುಹೋದ. ನೀಲಿ ಉಡುಪಿನ ಹೆಂಗಸೊಬ್ಬಳು ಗುಹೆಯೊಂದರಲ್ಲಿ ತನ್ನನ್ನು ಆರೈಕೆ ಮಾಡಿ ಬದುಕಿಸಿದಳೆಂದು ಆಕೆ ಮುಂದೆ ಹೇಳಿಕೊಂಡಳು. ಕತ್ತಿನ ಮೇಲಿನ ಗಾಯದ ಗುರುತು ಮಾತ್ರ ಸಾಯುವವರೆಗೂ ಇತ್ತು. ಆಮೇಲೆ ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್, ಮಾರ್ಸೆಯ್ ಹೀಗೆ ಊರಿಂದೂರಿಗೆ ಮನೆಕೆಲಸ ಮಾಡುತ್ತ ಹೋದಳು. 1867ರಲ್ಲಿ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಾಗ ಆಕೆಗೆ ಓದುಬರಹ ಸರಿಯಾಗಿ ಬರುತ್ತಿರಲಿಲ್ಲ, ಫ್ರೆಂಚ್ ತಡವರಿಸುತ್ತಿತ್ತು. ತನ್ನನ್ನು ಪುಟ್ಟ ಶೂನ್ಯವೆಂದು ಕರೆದುಕೊಳ್ಳುತ್ತಿದ್ದಳು. ಉಳಿದವರ ಬಾಯಲ್ಲಿ ಆಕೆ ‘ಪುಟ್ಟ ಅರಬ್ ಹುಡುಗಿ’.

ಅಷ್ಟರಲ್ಲಾಗಲೇ ಆಕೆಯ ಕೈಕಾಲುಗಳಲ್ಲಿ ಯೇಸುವಿನ ಗಾಯಗಳಂಥ ಗುರುತು ಮೂಡುತ್ತಿತ್ತು, ರಕ್ತ ಒಸರುತ್ತಿತ್ತು. ಕೆಲಸ ಮಾಡುತ್ತಲೇ ಮೈಮರೆಯುತ್ತಿದ್ದಳು.

1870ರಲ್ಲಿ ಪೋ ಮಠದಿಂದ ಒಂದು ತಂಡ ಮಂಗಳೂರಿಗೆ ಹೊರಟಿತು. ಭಾರತದಲ್ಲಿ ಕಾರ್ಮೆಲ್ ಸನ್ಯಾಸಿನಿಯರ ಏಕಾಂತವಾಸದ ಮೊದಲ ಮಠ ಕಟ್ಟುವುದು ಅವರ ಕೆಲಸ. ಕರೆಸಿಕೊಂಡವರು ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮಾರಿ ಎಫ್ರೆಮ್. ಹಡಗಿನ ದಾರಿಯ ಬೇಗೆ, ಕಾಯಿಲೆ ಸೇರಿ ಮುಟ್ಟುವ ಮೊದಲೇ ಮೂವರು ಸನ್ಯಾಸಿನಿಯರು ಸತ್ತರು. ಬದಲಿಗೆ ಬೇರೆಯವರನ್ನು ಕಳಿಸಿ, ಆ ವರ್ಷದ ಕೊನೆಗೆ ಮಠದ ಬದುಕು ಶುರುವಾಯಿತು. ಮರಿಯಮ್ ಅಡುಗೆಮನೆಯ ಕೆಲಸ, ಭಾರ ಹೊರುವ ಕೆಲಸ ಎಲ್ಲ ಮಾಡಿದಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಮೈಮರೆಯುವುದು ಮಾತ್ರ ನಿಲ್ಲಲಿಲ್ಲ. ಒಮ್ಮೊಮ್ಮೆ ಪಿಶಾಚಿ ಮೆಟ್ಟಿದವಳಂತೆ ನರಳುತ್ತಿದ್ದಳು. ಇದು ದೇವರ ಕೆಲಸವೋ, ಸೈತಾನನ ಆಟವೋ, ಅಥವಾ ಹುಡುಗಿಯ ಕಲ್ಪನೆಯೋ ಎಂಬ ಅನುಮಾನ ಮಠದೊಳಗೂ ಹೊರಗೂ ಎದ್ದಿತು. ಮೇಲಿನವರು ನಂಬಲಿಲ್ಲ. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳಿಸಿದರು.

ಕಾರ್ಮೆಲ್ ಮಠಕ್ಕೂ ಮಂಗಳೂರಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ 1870ರಲ್ಲಿ ಬಂದಿಳಿದ ಇನ್ನೊಂದು ಸಂಘ, ಅಪೊಸ್ತೊಲಿಕ್ ಕಾರ್ಮೆಲ್, ಸಂತ ಆನ್ಸ್, ಸಂತ ಆಗ್ನೆಸ್ ಸಂಸ್ಥೆಗಳನ್ನು ಕಟ್ಟಿ ಕರಾವಳಿಯ ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟಿತು. ಅಲ್ಲಿ ಕಲಿತವರಲ್ಲಿ ಎಲ್ಲ ಜಾತಿಮತದವರೂ ಇದ್ದಾರೆ. ಹಾಗಾಗಿ ಮರಿಯಮ್ ಮಂಗಳೂರಿನವರಿಗೆ ತೀರ ಹೊರಗಿನವಳಲ್ಲ.

ಪೋ ಮಠಕ್ಕೆ ಮರಳಿದ ಮೇಲೆ ನಡೆದದ್ದು ಇನ್ನೂ ವಿಚಿತ್ರ. ತೋಟದ ಲಿಂಡನ್ ಮರದ ತುದಿಯ ಎಳೆಕೊಂಬೆಯ ಮೇಲೆ ಆಕೆ ಹಾಡುತ್ತ ಕುಳಿತಿದ್ದುದನ್ನು ಕಂಡೆವೆಂದು ಸಹಸನ್ಯಾಸಿನಿಯರು ಸಾಕ್ಷಿ ಹೇಳಿದ್ದಾರೆ. ಮಠದ ಹಿರಿಯಳು ‘ವಿಧೇಯತೆಯಿಂದ ಇಳಿದು ಬಾ’ ಎಂದಾಗ ಹೂವಿನಂತೆ ಇಳಿದು ಬಂದಳಂತೆ. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಮಠ ಕಟ್ಟಿಸಿದಳು. ಅರಬ್ಬೀ ಬಲ್ಲವಳು ಆಕೆಯೇ ಆದ್ದರಿಂದ ಗಾರೆ ಕೆಲಸದವರ ಮೇಲ್ವಿಚಾರಣೆ ಆಕೆಯ ಪಾಲಿಗೆ ಬಂತು. ನೀರು ಒಯ್ಯುತ್ತಿದ್ದುದು ಅವರಿಗೇ.

1983ರ ನವೆಂಬರ್ 13ರಂದು ಎರಡನೇ ಜಾನ್ ಪಾಲ್ ಪೋಪರು ಆಕೆಯನ್ನು ಧನ್ಯೆ ಎಂದು ಸಾರಿದರು. ಕೆಥೋಲಿಕ ಧರ್ಮಸಭೆಯಲ್ಲಿ ಇದು ಸಂತಪದವಿಯ ಹಿಂದಿನ ಮೆಟ್ಟಿಲು. ಧನ್ಯರಾದವರಿಗೆ ಅವರ ಊರು, ಪ್ರಾಂತ, ಸಂಘಗಳಲ್ಲಿ ಬಹಿರಂಗವಾಗಿ ಗೌರವ ಸಲ್ಲಿಸಬಹುದು. ಸಂತರಾದ ಮೇಲೆ ಲೋಕದ ಎಲ್ಲ ಇಗರ್ಜಿಗಳಲ್ಲೂ. ಹುತಾತ್ಮರಲ್ಲದವರಿಗೆ ಪ್ರತಿ ಮೆಟ್ಟಿಲಿಗೂ ಒಂದು ಪವಾಡ ಬೇಕು. ಮರಿಯಮ್ ವಿಷಯದಲ್ಲಿ ಎರಡನೇ ಪವಾಡವೆಂದು ಒಪ್ಪಿಕೊಂಡದ್ದು ಸಿಸಿಲಿಯಲ್ಲಿ ಹೃದಯದ ತೊಂದರೆಯೊಂದಿಗೆ ಹುಟ್ಟಿದ ಶಿಶುವೊಂದು ಗುಣವಾದದ್ದನ್ನು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತರ ಪಟ್ಟಿಗೆ ಸೇರಿಸಿದರು. ಅದೇ ದಿನ ಜೆರುಸಲೇಮಿನಲ್ಲಿ ಹುಟ್ಟಿದ ಇನ್ನೊಬ್ಬ ಅರಬ್ ಸನ್ಯಾಸಿನಿ ಮಾರಿ ಅಲ್ಫೋನ್ಸಿನ್ ಘಟ್ಟಾಸ್ ಕೂಡ ಸಂತರಾದರು.

ಹೀಗೆ ಸಂತರಾದವರ ರೆಲಿಕ್ಕನ್ನು ಹತ್ತಿರದಿಂದ ನೋಡದವರಿಗೆ ಅದರ ರೂಪ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಅದು ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಲೋಹದ ಡಬ್ಬಿ. ಮುಂದೆ ಗಾಜು. ಒಳಗೆ ಕೆಂಪು ರೇಷ್ಮೆಯ ಮೇಲೆ ಅಂಟಿಸಿದ, ಸಾಸಿವೆ ಕಾಳಿನಷ್ಟಿರುವ ಮೂಳೆಯ ಚೂರು ಅಥವಾ ನೂಲಿನ ಎಳೆ. ಅದರ ಕೆಳಗೆ ಸಂತರ ಹೆಸರು ಬರೆದ ಕಾಗದದ ಸಣ್ಣ ಪಟ್ಟಿ. ಡಬ್ಬಿ ತಿರುಗಿಸಿದರೆ ಹಿಂದೆ ನೂಲು ಅಡ್ಡಡ್ಡ ಕಟ್ಟಿ ಕೆಂಪು ಅರಗಿನ ಮುದ್ರೆ ಒತ್ತಿರುತ್ತಾರೆ. ಮುದ್ರೆ ಒಡೆದರೆ ಅದರ ಪ್ರಾಮಾಣ್ಯ ಹೋಯಿತು. ಜೊತೆಗೆ ಧರ್ಮಾಧಿಕಾರಿಗಳ ಸಹಿಯ ಪ್ರಮಾಣಪತ್ರವೊಂದು ಇರಬೇಕು. ಹಬ್ಬದ ದಿನ ಈ ಡಬ್ಬಿಯನ್ನು ಸೂರ್ಯನ ಕಿರಣಗಳಂತೆ ಚಾಚಿದ ಹಿತ್ತಾಳೆಯ ಚೌಕಟ್ಟಿನಲ್ಲಿಟ್ಟು ಬಲಿಪೀಠದ ಹತ್ತಿರ ಇಡುತ್ತಾರೆ. ಸಾಲು ನಿಂತ ಜನ ಗಾಜನ್ನು ಬೆರಳಲ್ಲಿ ಮುಟ್ಟಿ ಆ ಬೆರಳಿಗೆ ಮುತ್ತಿಡುತ್ತಾರೆ. ಕೆಲವರು ಮಗುವಿನ ಹಣೆಯನ್ನು ಅದಕ್ಕೆ ತಾಗಿಸುತ್ತಾರೆ. ಪಾದ್ರಿಗಳು ಬಿಳಿ ಬಟ್ಟೆಯಿಂದ ಗಾಜು ಒರೆಸುತ್ತಾರೆ, ಮುಂದಿನವರು ಬರುತ್ತಾರೆ.

ಇದು ಮೂಢನಂಬಿಕೆ, ವಿಗ್ರಹಾರಾಧನೆಯ ಇನ್ನೊಂದು ರೂಪ ಎಂಬ ಆಕ್ಷೇಪ ಹಳೆಯದು, ಅದನ್ನು ಎತ್ತಿದವರಲ್ಲಿ ಕ್ರೈಸ್ತರೇ ಮುಂದು. ಧರ್ಮಸುಧಾರಕ ಲೂಥರನ ಕಾಲದ ವಿಟನ್‌ಬರ್ಗಿನಲ್ಲಿ ಅರಸ ಫ್ರೆಡರಿಕ್ 19,000ಕ್ಕೂ ಹೆಚ್ಚು ರೆಲಿಕ್ ಚೂರುಗಳನ್ನು ಕೂಡಿಸಿಟ್ಟಿದ್ದ. ನೋಡಿ ಕಾಣಿಕೆ ಹಾಕಿದವರಿಗೆ ಸತ್ತ ಮೇಲಿನ ಶಿಕ್ಷೆಯಲ್ಲಿ ಇಷ್ಟು ವರ್ಷ ಮಾಫಿ ಎಂಬ ಲೆಕ್ಕವಿತ್ತು. 1543ರಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇದರ ಮೇಲೆಯೇ ಒಂದು ಪುಸ್ತಕ ಬರೆದು, ಒಬ್ಬನೇ ಸಂತನ ತಲೆ ಹಲವು ಊರುಗಳಲ್ಲಿರುವುದು ಹೇಗೆಂದು ಕೇಳಿದ. ಆ ಪ್ರಶ್ನೆಗೆ ಉತ್ತರವಿರಲಿಲ್ಲ. 1563ರಲ್ಲಿ ಕೆಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ರೆಲಿಕ್ಕುಗಳ ಗೌರವವನ್ನು ಎತ್ತಿಹಿಡಿಯುತ್ತಲೇ, ಅದರ ಸುತ್ತಲಿನ ಮೂಢಾಚಾರ ಮತ್ತು ದುಡ್ಡಿನಾಸೆಯನ್ನು ಕಿತ್ತೊಗೆಯಬೇಕೆಂದು ಆಜ್ಞೆ ಮಾಡಿತು. ಅಂದರೆ ತಪ್ಪು ನಡೆದಿದೆಯೆಂದು ಧರ್ಮಸಭೆಯೇ ಒಪ್ಪಿತು. ಈಗಿನ ಧರ್ಮಸಭೆಯ ಕಾನೂನಿನಲ್ಲಿ ರೆಲಿಕ್ ಮಾರುವುದು ಸಂಪೂರ್ಣ ನಿಷಿದ್ಧ. ಆದರೂ ಆನ್‌ಲೈನ್ ಹರಾಜಿನಲ್ಲಿ ಅರಗಿನ ಮುದ್ರೆಯ ಡಬ್ಬಿಗಳು ಇವತ್ತಿಗೂ ಬಿಕರಿಯಾಗುತ್ತಿವೆ.

ಸಮರ್ಥಿಸುವವರ ಮಾತು ಇನ್ನೂ ಹಳೆಯದು. ಎರಡನೇ ಶತಮಾನದಲ್ಲಿ ಸ್ಮಿರ್ನದ ಮುದಿ ಧರ್ಮಾಧ್ಯಕ್ಷ ಪಾಲಿಕಾರ್ಪರನ್ನು ರೋಮನ್ನರು ಸುಟ್ಟಾಗ, ಅವರ ಜನ ಬೂದಿಯೊಳಗಿಂದ ಮೂಳೆಗಳನ್ನು ಆಯ್ದು ಒಡವೆಗಿಂತ ಹೆಚ್ಚಾಗಿ ಕಾಪಾಡಿದರು. ಅಲ್ಲಿ ಪವಾಡದ ಆಸೆಯಿರಲಿಲ್ಲ, ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. ಕೊಂದವರು ಅಳಿಸಿಹಾಕಬೇಕೆಂದ ಮನುಷ್ಯನನ್ನು ಉಳಿಸಿಕೊಳ್ಳುವುದಷ್ಟೇ ಅವರಿಗೆ ಬೇಕಿತ್ತು. ಪ್ರವಾದಿ ಎಲೀಷನ ಮೂಳೆ ತಾಗಿ ಹೆಣವೊಂದು ಎದ್ದುನಿಂತ ಕಥೆ, ಪೌಲನ ಮೈಗೆ ತಾಗಿಸಿದ ಕರವಸ್ತ್ರಗಳನ್ನು ರೋಗಿಗಳ ಬಳಿಗೆ ಒಯ್ದ ಪ್ರಸಂಗ ಬೈಬಲಿನಲ್ಲೇ ಇವೆ. ಆರಾಧನೆ ದೇವರೊಬ್ಬನಿಗೆ, ಸಂತರಿಗೆ ಸಲ್ಲುವುದು ಗೌರವ ಮಾತ್ರ ಎಂಬ ಗೆರೆಯನ್ನು ಧರ್ಮಸಭೆ ಸ್ಪಷ್ಟವಾಗಿ ಎಳೆದಿದೆ. ಸಾಲಿನಲ್ಲಿ ನಿಂತ ಅಜ್ಜಿಗೆ ಈ ಗೆರೆ ಗೊತ್ತಿರುತ್ತದೆಯೇ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಅಜ್ಜಿಯಂದಿರಿಗೆ ಗೊತ್ತಿರುತ್ತದೆ. ಮೂಳೆಯ ಚೂರಿಗೆ ಕೈಮುಗಿಯುವಾಗ ಅವರು ಒಬ್ಬ ವ್ಯಕ್ತಿಯ ಹತ್ತಿರ ಮಾತಾಡುತ್ತಿರುತ್ತಾರೆ.

ಈ ಹತ್ತಿರವಾಗುವ ಹಂಬಲ ಕೆಥೋಲಿಕರದ್ದು ಮಾತ್ರವೂ ಅಲ್ಲ, ಧರ್ಮದ್ದು ಮಾತ್ರವೂ ಅಲ್ಲ. ಮಂತ್ರಾಲಯದಿಂದ ಮೃತ್ತಿಕೆ ತಂದು ನಮ್ಮ ಊರೂರುಗಳಲ್ಲಿ ರಾಯರ ಬೃಂದಾವನ ಕಟ್ಟುತ್ತೇವೆ. ಹಿಡಿ ಮಣ್ಣಿನೊಂದಿಗೆ ರಾಯರೇ ಬಂದರೆಂದು ಭಕ್ತರು ನಂಬುತ್ತಾರೆ. ಶರಣರ ಗದ್ದುಗೆಗೂ ದರ್ಗಾಕ್ಕೂ ಹೋಗಿ ಹಣೆ ಹಚ್ಚುತ್ತೇವೆ. ಗಾಂಧಿಯ ಚಿತಾಭಸ್ಮವನ್ನು ಹಂಚಿ ನಾಡಿನ ನದಿಗಳಿಗೆಲ್ಲ ಒಯ್ದದ್ದು ದೇವರನ್ನು ನಂಬದವರಿಗೂ ಸಹಜವೆನಿಸಿತ್ತು. ಪುರೋಹಿತಶಾಹಿಯ ಕಟ್ಟಾ ವಿರೋಧಿಯಾಗಿದ್ದ ಫ್ರಾನ್ಸಿನ ಗಣರಾಜ್ಯವಾದಿ ಲಿಯೋನ್ ಗಂಬೆಟ್ಟಾನ ಹೃದಯವನ್ನೂ 1920ರಲ್ಲಿ ಪ್ಯಾರಿಸ್ಸಿನ ಪಾಂಥಿಯೋನ್‌ನಲ್ಲಿ ಸರ್ಕಾರಿ ಗೌರವದೊಂದಿಗೆ ಇಟ್ಟರು. ಅಲ್ಲಿ ಧೂಪವಿರಲಿಲ್ಲ, ಆದರೆ ಭಾವನೆ ಅದೇ. ಹಾಗಾಗಿ ರೆಲಿಕ್ ಎಂದ ಕೂಡಲೇ ‘ಅನಾಗರಿಕ’ ಎಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ಸತ್ತವರ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟುಕೊಂಡ ಮನೆ ಯಾವುದಿಲ್ಲ?

ಒಂದು ವ್ಯತ್ಯಾಸ ಮಾತ್ರ ಇದೆ, ಅದು ಚಿಕ್ಕದಲ್ಲ. ನಮ್ಮ ಬೃಂದಾವನ, ಗದ್ದುಗೆ, ದರ್ಗಾಗಳಲ್ಲಿ ದೇಹ ಇಡಿಯಾಗಿ ಒಂದೆಡೆ ಇರುತ್ತದೆ, ಹಂಚಿಹೋಗುವುದು ಮಣ್ಣು. ಯುರೋಪಿನಲ್ಲಿ ದೇಹವೇ ಹಂಚಿಹೋಯಿತು. ಗೋವೆಯ ಬಾಮ್ ಜೀಸಸ್ ಇಗರ್ಜಿಯಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರರ ಬಲಗೈಯನ್ನು ಮೊಣಕೈಯ ಕೆಳಗೆ ಕಡಿದು 1614ರಲ್ಲಿ ರೋಮಿಗೆ ಕಳಿಸಿದರು. ಕಾರ್ಮೆಲ್ ಸಂಘವನ್ನು ಸುಧಾರಿಸಿದ ಅವಿಲದ ತೆರೇಸಾ 1582ರಲ್ಲಿ ಸತ್ತ ಮೇಲೆ ಆಕೆಯ ಎಡಗೈ ಒಂದೂರಿಗೆ ಹೋಯಿತು, ಹೃದಯ ಬೇರೆ ಸಂಪುಟಕ್ಕೆ ಹೋಯಿತು. ಆ ಕೈಯನ್ನು ಕಡಿದವರು ಶತ್ರುಗಳಲ್ಲ, ಆಕೆಯ ಆಪ್ತ ಪಾದ್ರಿ ಗ್ರಾಸಿಯಾನ್. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಅದೇ ಕೈಯನ್ನು 1975ರಲ್ಲಿ ಸಾಯುವವರೆಗೂ ತನ್ನ ಬಳಿ ಇಟ್ಟುಕೊಂಡಿದ್ದ. ರಾಜಕೀಯ ಕೈದಿಗಳ ಮರಣದಂಡನೆಗೆ ಒಪ್ಪಿಗೆ ಕೊಡುತ್ತಿದ್ದ ಮನುಷ್ಯನ ಮಲಗುವ ಕೋಣೆಯಲ್ಲಿ ತೆರೇಸಾಳ ಕೈ ಇತ್ತೆಂಬುದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಒಮ್ಮೆ ದೇಹ ಚೂರಾಗಿ ಕೈ ಬದಲಾಯಿಸತೊಡಗಿದರೆ ಅದು ಯಾರ ಮನೆ ಸೇರುತ್ತದೋ ಸಂತರಿಗೆ ಹೇಳುವ ಅಧಿಕಾರವಿಲ್ಲ.

ಮರಿಯಮ್‌ಳ ಹೃದಯದ ವಿಷಯದಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಇದೇ. ಪವಾಡ ನಿಜವೋ ಸುಳ್ಳೋ ಎಂಬುದಕ್ಕಿಂತ ಇದು ನನಗೆ ದೊಡ್ಡ ಪ್ರಶ್ನೆ. ಏಕಾಂತವಾಸದ ವ್ರತ ತೊಟ್ಟವಳು ಆಕೆ. ಕಾರ್ಮೆಲ್ ಸನ್ಯಾಸಿನಿಯರು ಭೇಟಿಗೆ ಬಂದವರೊಂದಿಗೂ ಕಂಬಿಯ ಆಚೆಯಿಂದ ಮಾತಾಡುತ್ತಿದ್ದ ಕಾಲ ಅದು. ಲೋಕ ತನ್ನನ್ನು ನೋಡಬಾರದೆಂದು ಗೋಡೆಯೊಳಗೆ ಹೋದ ಹೆಂಗಸು. ಕೈಯ ಗಾಯಗಳನ್ನು ಕಾಯಿಲೆ ಎಂದುಕೊಂಡು ಮುಚ್ಚಿಡುತ್ತಿದ್ದಳು, ಅವು ಹೋಗಲೆಂದು ಪ್ರಾರ್ಥಿಸಿದಳು. ಅಂಥವಳ ಎದೆಯನ್ನು ಸತ್ತ ಕೂಡಲೇ ತೆರೆದರು. ಒಪ್ಪಿಗೆ ಎಂಬ ಮಾತು ಆಗ ಯಾರ ತಲೆಗೂ ಬಂದಿರಲಾರದು. ವಿಧೇಯತೆಯ ವ್ರತ ಸತ್ತ ಮೇಲೂ ನಡೆಯುತ್ತದೆಯೇ?

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೃದಯ ಕೇಳಿದವರು ರೋಮಿನ ಅಧಿಕಾರಿಗಳಲ್ಲ. ಪೋ ಮಠ ಆಕೆಯ ತವರು. ಬೇರೆ ಸಂಘವೊಂದು ಆಕೆಯನ್ನು ಬೇಡವೆಂದಾಗ ಒಳಗೆ ಕರೆದುಕೊಂಡವರು, ಮಂಗಳೂರಿನಿಂದ ಅವಮಾನಿತಳಾಗಿ ಬಂದಾಗ ಬಾಗಿಲು ತೆರೆದವರು ಆ ಹೆಂಗಸರು. ಬೆತ್ಲೆಹೇಮಿಗೆ ಹೋದವಳು ಮತ್ತೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತೆರೇಸಾಳ ಹೃದಯವನ್ನು ಪೂಜ್ಯವಾಗಿ ಕಾಪಾಡಿಕೊಂಡ ಪರಂಪರೆಯಲ್ಲಿ ಬೆಳೆದ ಅವರಿಗೆ ಮರಿಯಮ್‌ಳ ಹೃದಯ ಕೇಳುವುದು ಕ್ರೌರ್ಯವೆನಿಸಲಿಲ್ಲ, ಪ್ರೀತಿಯ ಸಹಜ ಮಾರ್ಗವೆನಿಸಿತು. ಆಕೆಯೂ ಅದೇ ಪರಂಪರೆಯವಳು, ಅದೇ ತೆರೇಸಾಳನ್ನು ತಾಯಿ ಎನ್ನುತ್ತಿದ್ದವಳು. ಬದುಕಿದ್ದಾಗ ಕೇಳಿದ್ದರೆ ಒಪ್ಪುತ್ತಿದ್ದಳೋ ಏನೋ. ನಮ್ಮ ಕಾಲದ ನೀತಿಯನ್ನು ಆ ಹೆಂಗಸರ ಮೇಲೆ ಹೇರಿ ಅವರನ್ನು ತಪ್ಪಿತಸ್ಥರನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಅವರು ಮಾಡಿದ್ದನ್ನು ಇವತ್ತು ಮುಂದುವರಿಸಬೇಕೇ ಎಂಬುದು ಬೇರೆ ಮಾತು.

ಹೃದಯದ ಮೇಲಿನ ಗಾಯದ ಗುರುತಿನ ಬಗ್ಗೆಯೂ ಎರಡು ಓದು ಸಾಧ್ಯ. ದೇವಪ್ರೇಮ ಬಾಣದಂತೆ ತನ್ನ ಎದೆ ತೂರಿತೆಂದು ತೆರೇಸಾ ಹೇಳಿಕೊಂಡಿದ್ದಳು. ಮರಿಯಮ್ ಕೂಡ ಅಂಥ ಅನುಭವ ಹೇಳಿದ್ದಳು. ಭಕ್ತರಿಗೆ ಆ ಗುರುತೇ ಪುರಾವೆ. ಶಂಕಿಸುವವರು ಹೇಳುವುದು ಬೇರೆ: ಹುಡುಕಬೇಕಾದ್ದು ಏನೆಂದು ಮೊದಲೇ ಗೊತ್ತಿದ್ದವರು ಹುಡುಕಿದ್ದನ್ನೇ ಕಾಣುತ್ತಾರೆ. ಕೊಯ್ದ ಕತ್ತಿನಿಂದ ಬದುಕುಳಿದ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ಹೆಣ್ಣುಮಗಳ ಮೈಮರೆಯುವಿಕೆಗೆ, ನರಳಾಟಕ್ಕೆ ಇಂದಿನ ಮನೋವೈದ್ಯರು ಬೇರೆ ಹೆಸರು ಕೊಟ್ಟಾರು. ಆ ಹೆಸರು ಸರಿಯಾಗಿದ್ದರೂ ಆಕೆ ಕೂಲಿಗಳಿಗೆ ನೀರು ಹೊತ್ತದ್ದು ಸುಳ್ಳಾಗುವುದಿಲ್ಲ. ನೋವುಂಡ ಮನಸ್ಸಿಗೆ ದೇವರು ಸಿಗಬಾರದೆಂಬ ನಿಯಮವೂ ಇಲ್ಲ. ಇಷ್ಟು ಹೇಳಿದ ಮೇಲೂ, 150 ವರ್ಷದ ಹಿಂದಿನ ಅಂಗಾಂಶದ ಮೇಲಿನ ಗೆರೆಯೊಂದನ್ನು ದೈವಸಾಕ್ಷಿ ಎಂದು ಮಕ್ಕಳಿಗೆ ಪಾಠ ಹೇಳುವುದನ್ನು ನಾನು ಒಪ್ಪಲಾರೆ.

ಪವಾಡದ ವಿಷಯ ನಮ್ಮ ದೇಶದಲ್ಲಿ ಒಮ್ಮೆ ಬಿಸಿಯಾಗಿ ಚರ್ಚೆಯಾಗಿತ್ತು. ಮದರ್ ತೆರೇಸಾ ಅವರನ್ನು 2003ರಲ್ಲಿ ಧನ್ಯೆ ಎಂದು ಸಾರಿದ್ದು ಪಶ್ಚಿಮ ಬಂಗಾಳದ ಆದಿವಾಸಿ ಮಹಿಳೆಯೊಬ್ಬರ ಹೊಟ್ಟೆಯ ಗಡ್ಡೆ ಕರಗಿತೆಂಬ ಆಧಾರದ ಮೇಲೆ. ಮದರ್ ಅವರ ದೇಹಕ್ಕೆ ತಾಗಿಸಿದ್ದ ಪದಕವೊಂದನ್ನು ಆಕೆಯ ಹೊಟ್ಟೆಗೆ ಕಟ್ಟಿ ಪ್ರಾರ್ಥಿಸಿದ್ದರು. ಚಿಕಿತ್ಸೆ ಕೊಟ್ಟಿದ್ದ ವೈದ್ಯರು ಅದು ಕ್ಷಯದ ಗಡ್ಡೆ, ಗುಣವಾದದ್ದು ಔಷಧಿಯಿಂದ ಎಂದು ಬಹಿರಂಗವಾಗಿ ಹೇಳಿದರು. ವ್ಯಾಟಿಕನ್ ನೇಮಿಸುವ ವೈದ್ಯರ ಮಂಡಳಿ ಪವಾಡ ಹೌದೇ ಎಂದು ತೀರ್ಪು ಕೊಡುವುದಿಲ್ಲ; ಈಗಿನ ವೈದ್ಯಶಾಸ್ತ್ರ ಇದನ್ನು ವಿವರಿಸಬಲ್ಲುದೇ ಎಂಬುದನ್ನಷ್ಟೇ ನೋಡುತ್ತದೆ. ಪ್ರಾಮಾಣಿಕವಾದ ಕ್ರಮವೇ. ಆದರೆ ಊರಿನ ಆಸ್ಪತ್ರೆಯ ವೈದ್ಯರೇ ಎದ್ದುನಿಂತು ಬೇರೆ ಹೇಳಿದಾಗ ಸಾಮಾನ್ಯ ಓದುಗನ ಮನಸ್ಸಿನಲ್ಲಿ ಆ ಕ್ರಮದ ಮೇಲಿನ ನಂಬಿಕೆ ಸಡಿಲವಾದದ್ದು ಸುಳ್ಳಲ್ಲ. ಔಷಧಿ ಬಿಟ್ಟು ಪದಕ ಹಿಡಿಯಲು ಬಡವರಿಗೆ ಕುಮ್ಮಕ್ಕು ಸಿಗುತ್ತದೆಂಬ ವಿಚಾರವಾದಿಗಳ ಆತಂಕವನ್ನು ಧರ್ಮದ್ವೇಷ ಎಂದು ತಳ್ಳಲಾಗದು.

ಹುತಾತ್ಮರಿಗೆ ಧನ್ಯಪದವಿ ಕೊಡಲು ಪವಾಡ ಬೇಕಿಲ್ಲ. ಬಹುಶಃ ಅದರಿಂದಲೇ ಸಿಸ್ಟರ್ ರಾಣಿ ಮರಿಯಾ ಅವರ ಕಥೆ ನನಗೆ ಹೆಚ್ಚು ಆಪ್ತ. ಕೇರಳದಲ್ಲಿ ಹುಟ್ಟಿ ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿ ಕೃಷಿಕರ ನಡುವೆ ಕೆಲಸ ಮಾಡಿದವರು ಅವರು. ಬಡ್ಡಿ ಸಾಲದ ಬಲೆಯಿಂದ ಹೊರಬರಲು ಜನರಿಗೆ ದಾರಿ ತೋರಿಸಿದ್ದನ್ನು ಹಣವಂತರು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇಂದೋರಿಗೆ ಹೋಗುವಾಗ ಒಬ್ಬ ಅವರನ್ನು ಚಾಕುವಿನಿಂದ ಇರಿದು ಕೊಂದ. ಸನ್ಯಾಸಿನಿಯೇ ಆಗಿದ್ದ ಅವರ ತಂಗಿ ಸೆಲ್ಮಿ ಪೌಲ್ ಕೆಲವು ವರ್ಷಗಳ ನಂತರ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಬಿಡುಗಡೆಯಾದ ಮೇಲೆ ಆತ ಉದಯನಗರದ ಸಮಾಧಿಗೆ ಬಂದು ನಮಿಸುತ್ತಿದ್ದುದು ಪತ್ರಿಕೆಗಳಲ್ಲಿ ವರದಿಯಾಗಿದೆ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಧನ್ಯರಾದರು.

ಕೊಂದವನಿಗೂ ಹೋಗಿ ಮಂಡಿಯೂರಲು ಒಂದು ಜಾಗ ಬೇಕಿತ್ತು. ಮಾತಿನಲ್ಲಿ ಕ್ಷಮೆ ಕೇಳುವುದು ಒಂದು. ತಾನು ಚುಚ್ಚಿದ ದೇಹ ಮಲಗಿರುವ ಕಲ್ಲಿನ ಮೇಲೆ ಕೈಯಿಡುವುದು ಇನ್ನೊಂದು. ರೆಲಿಕ್ಕುಗಳ ಪರವಾಗಿ ಇದಕ್ಕಿಂತ ಬಲವಾದ ವಾದ ನನಗೆ ಗೊತ್ತಿಲ್ಲ. ಇಲ್ಲಿ ಯಾವ ಗಡ್ಡೆಯೂ ಕರಗಬೇಕಿಲ್ಲ, ಮರದ ತುದಿಗೆ ಯಾರೂ ಹಾರಬೇಕಿಲ್ಲ.

ಮರಿಯಮ್ ವಿಷಯದಲ್ಲೂ ಪರವಾದ ಮಾತು ಇಂಥದ್ದೇ ಒಂದಿದೆ. ಓದುಬರಹ ಸರಿಯಾಗಿ ಬಾರದ, ಅನಾಥೆಯಾದ, ಯುರೋಪಿನ ಮಠಗಳಲ್ಲಿ ‘ಅರಬ್ ಹುಡುಗಿ’ ಎಂದು ಎರಡನೇ ದರ್ಜೆಯವಳಾಗಿ ಕೆಲಸ ಮಾಡಿದ ಹೆಣ್ಣು ಆಕೆ. ಧರ್ಮಸಭೆಯ ಯಾವ ಅಧಿಕಾರದ ಕುರ್ಚಿಯೂ ಆಕೆಗೆ ಸಿಗುತ್ತಿರಲಿಲ್ಲ, ಇಂದಿಗೂ ಹೆಣ್ಣಿಗೆ ಅಲ್ಲಿ ಪುರೋಹಿತಳ ಜಾಗವಿಲ್ಲ. ಆದರೆ ಆಕೆಯ ಸಮಾಧಿಯ ಮುಂದೆ ಕಾರ್ಡಿನಲ್‌ಗಳು ಮಂಡಿಯೂರಬೇಕು. 2015ರಲ್ಲಿ ಆಕೆ ಸಂತಳಾದ ದಿನ ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ರೋಮಿನಲ್ಲಿದ್ದರು. ಯೇಸುವಿನ ಊರಿನ ಸುತ್ತಮುತ್ತ ಕರಗಿಹೋಗುತ್ತಿರುವ ಅರಬ್ ಕ್ರೈಸ್ತ ಸಮುದಾಯಕ್ಕೆ, ತಾವೂ ಆ ನೆಲದವರೇ ಎಂದು ಲೋಕಕ್ಕೆ ತೋರಿಸಲು ಹೆಸರೊಂದು, ಸಮಾಧಿಯೊಂದು ಸಿಕ್ಕಿತು. ವಿರೋಧಿಸುವವರು ಇದನ್ನೇ ತಿರುಗಿಸಿ, ಸಂತರನ್ನು ಆಯುವುದರಲ್ಲೂ ರಾಜಕೀಯವಿದೆ ಎನ್ನುತ್ತಾರೆ. ಇದ್ದೀತು. ಹೆಣ್ಣನ್ನು ಸತ್ತ ಮೇಲೆ ಪೀಠದ ಮೇಲಿಡುವುದು, ಬದುಕಿದ್ದಾಗ ಆಕೆಯ ಮಾತಿಗೆ ಬೆಲೆ ಕೊಡದಿದ್ದುದಕ್ಕೆ ಪರಿಹಾರವಾಗುವುದಿಲ್ಲ ಎಂಬ ಮಾತು ಮಾತ್ರ ನನಗೆ ನಾಟುತ್ತದೆ.

2017ರ ಡಿಸೆಂಬರಿನಲ್ಲಿ ವ್ಯಾಟಿಕನ್ ರೆಲಿಕ್ಕುಗಳ ಪ್ರಾಮಾಣ್ಯ ಮತ್ತು ಸಂರಕ್ಷಣೆ ಕುರಿತು ಹೊಸ ಸೂಚನೆ ಹೊರಡಿಸಿತು. ಅದರ ಪ್ರಕಾರ ಸಮಾಧಿ ತೆರೆಯುವ ಮೊದಲು ಆ ನಾಡಿನ ಕಾನೂನು ಪಾಲಿಸಬೇಕು, ವಾರಸುದಾರರ ಒಪ್ಪಿಗೆ ಪಡೆಯಬೇಕು. ಪ್ರಮಾಣಪತ್ರವಿಲ್ಲದ ರೆಲಿಕ್ಕನ್ನು ಭಕ್ತರ ಮುಂದೆ ಇಡುವಂತಿಲ್ಲ. ಮಾರಾಟ, ವಿನಿಮಯ ಕೂಡದು. ರೋಮಿನ ಅನುಮತಿಯಿಲ್ಲದೆ ದೇಹದಿಂದ ಭಾಗಗಳನ್ನು ಬೇರ್ಪಡಿಸುವಂತಿಲ್ಲ. ಗ್ರಾಸಿಯಾನ್ ಕೈಗೆ ಕತ್ತಿ ಹಿಡಿದ ಕಾಲದಿಂದ ಇದು ಬಹಳ ದೂರ ಬಂದ ಹಾದಿ. ಮುಕ್ತ ಮನಸ್ಸಿನಿಂದ ನೋಡುವವರು ಇದನ್ನು ಒಪ್ಪಿಕೊಳ್ಳಬೇಕು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ವಾರಸುದಾರರ ಒಪ್ಪಿಗೆ ಕೇಳುತ್ತಾರೆ ಸರಿ, ಮನೆಮಾರು ಬಿಟ್ಟು ಬಂದ ಸನ್ಯಾಸಿನಿಯ ಪರವಾಗಿ ಮಾತಾಡುವವರು ಯಾರು? ಹೆಚ್ಚಿನ ಸಲ ಆಕೆಯ ಸಂಘವೇ. ಆಕೆ ಸಂತಳಾಗಲೆಂದು ಅರ್ಜಿ ಹಾಕುವುದೂ ಅದೇ ಸಂಘ. ಕಣ್ಣು, ಮೂತ್ರಪಿಂಡ ದಾನಕ್ಕೆ ನಾವು ಬದುಕಿದ್ದಾಗಲೇ ಸಹಿ ಹಾಕುತ್ತೇವೆ. ವ್ರತ ಸ್ವೀಕರಿಸುವ ಸನ್ಯಾಸಿನಿಗೂ ತನ್ನ ದೇಹ ಇಡಿಯಾಗಿ ಮಣ್ಣಾಗಬೇಕೆಂದು ಬರೆದಿಡುವ ಹಕ್ಕು ಇರಲಿ, ಆ ಬರಹವನ್ನು ರೋಮ್ ಕೂಡ ಮೀರದಿರಲಿ. ಹೊಸದಾಗಿ ಧನ್ಯರಾಗುವವರ ದೇಹವನ್ನು ಚೂರು ಮಾಡುವುದನ್ನೇ ನಿಲ್ಲಿಸಿ, ಊರೂರಿಗೆ ಕಳಿಸಬೇಕಿದ್ದರೆ ಅವರು ಉಟ್ಟ ಬಟ್ಟೆಯ ನೂಲನ್ನೋ ಸಮಾಧಿಯ ಮಣ್ಣನ್ನೋ ಕಳಿಸಬಹುದು. ಭಕ್ತಿಗೆ ಅಷ್ಟು ಸಾಕಾಗುತ್ತದೆಂದು ಮಂತ್ರಾಲಯದ ಮೃತ್ತಿಕೆ ಕಂಡ ನಮಗೆ ಹೇಳಿಕೊಡಬೇಕಿಲ್ಲ. ಈಗಾಗಲೇ ಸಂಪುಟಗಳಲ್ಲಿರುವ ಹಳೆಯ ಮೂಳೆಗಳನ್ನು ಕಸಿದು ಹೂಳಬೇಕೆಂದು ನಾನು ಹೇಳಲಾರೆ. ತಲೆಮಾರುಗಳ ಕಣ್ಣೀರು ಅವುಗಳ ಗಾಜಿಗೆ ತಾಗಿದೆ.

ಮಂಗಳೂರಿನ ಪಾದ್ರಿಗಳಲ್ಲಿ, ಸಿಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆಯಿದೆ. ಆಗಸ್ಟಿನಲ್ಲಿ ಸಂತ ಮರಿಯಮ್ ಹಬ್ಬ ಆಚರಿಸುವಾಗ ಮರದ ತುದಿಯ ಕಥೆ, ಹೃದಯದ ಗುರುತಿನ ಕಥೆ ಹೇಳಿ ಮುಗಿಸಬೇಡಿ. 1872ರಲ್ಲಿ ಈ ಊರಿನಿಂದ ಆಕೆಯನ್ನು ಯಾಕೆ ವಾಪಸು ಕಳಿಸಿದರು, ಶಂಕಿಸಿದವರು ಯಾರು, ಅವರಿಗಿದ್ದ ಕಾರಣಗಳೇನು ಎಂಬುದನ್ನೂ ಬಲಿಪೂಜೆಯ ಪ್ರವಚನದಲ್ಲಿ ಬಿಡಿಸಿ ಹೇಳಿ. ಸಾಲಿನಲ್ಲಿ ನಿಂತವರಲ್ಲಿ ಅರ್ಧ ನಂಬಿಕೆ, ಅರ್ಧ ಅನುಮಾನ ಇಟ್ಟುಕೊಂಡು ಬಂದವರು ಬಹಳ ಮಂದಿ ಇರುತ್ತಾರೆ, ಅವರಿಗೆ ಆ ಭಾಗ ಬೇಕು.